ಒಂದೇ ಬೆಂಚು, ಎರಡು ಅಳತೆ

ನಮ್ಮ ಅಂಬಾಸಿಡರ್‌ನ ಡ್ಯಾಶ್‌ಬೋರ್ಡಿನ ಕೆಳಗಂಚಿನಲ್ಲಿ, ಎಡಗಡೆ, ಒಂದು ಜಾಗದಲ್ಲಿ ಬಣ್ಣ ಸವೆದುಹೋಗಿದೆ. ಎರಡು ಬೆರಳಿನಷ್ಟು ಅಗಲ. ಒಳಗಿನ ತಗಡು ಕಾಣುತ್ತದೆ. ಅದು ಅಮ್ಮನ ಮಂಡಿ ತಾಗಿ ತಾಗಿ ಆದ ಗುರುತು. ಇಷ್ಟು ವರ್ಷ ಆ ಗಾಡಿಯಲ್ಲಿ ಓಡಾಡಿದರೂ ನಾನು ಅದನ್ನು ಗಮನಿಸಿದ್ದು ಕಳೆದ ವರ್ಷ, ಮುಂದಿನ ಸೀಟು ಬಿಚ್ಚಿ ಹೊರಗಿಟ್ಟ ದಿನ.

ಅಪ್ಪ ಆ ಗಾಡಿ ಕೊಂಡಿದ್ದು 1984ರಲ್ಲಿ. ಮಾರ್ಕ್ 4. ಅಪ್ಪ ಐದಡಿ ಎರಡಿಂಚು. ಅಮ್ಮ ಅವನಿಗಿಂತ ನಾಲ್ಕಿಂಚು ಜಾಸ್ತಿ ಎತ್ತರ. ಮುಂದೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು ಸೀಟು. ಕ್ಲಚ್ ಪೂರ್ತಿ ತುಳಿಯಬೇಕಾದರೆ ಅಪ್ಪ ಸೀಟನ್ನು ಮುಂದೆ ಎಳೆದುಕೊಳ್ಳಬೇಕು. ಎಳೆದರೆ ಇಡೀ ಬೆಂಚೇ ಮುಂದೆ ಬರುತ್ತದೆ. ಪಕ್ಕದಲ್ಲಿ ಕೂತವರ ಕಾಲು ಎಷ್ಟೇ ಉದ್ದ ಇರಲಿ, ಬೆಂಚು ನಿಲ್ಲುವುದು ಓಡಿಸುವವರ ಕಾಲಿನ ಅಳತೆಗೆ. ಹೀಗೆ ಮೂವತ್ತು ವರ್ಷ ಅಮ್ಮ ಅಪ್ಪನ ಅಳತೆಯಲ್ಲಿ ಕಾಲು ಮಡಚಿಕೊಂಡು ಕೂತಿದ್ದಾಳೆ. ಒಂದು ದಿನವೂ ಆ ಮಾತು ಎತ್ತಿದವಳಲ್ಲ.

ಅಪ್ಪ ತೀರಿಕೊಂಡಿದ್ದು 2014ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಆಮೇಲೆ ಗಾಡಿ ನನ್ನ ಕೈಗೆ ಬಂತು. ನಾನು ಅಮ್ಮನ ಹಾಗೆ ಎತ್ತರ. ನಾನು ಓಡಿಸುವಾಗ ಬೆಂಚು ಹಿಂದೆ ಹೋಗುತ್ತದೆ, ಅಮ್ಮನಿಗೆ ತೊಂದರೆ ಇಲ್ಲ. ಆದರೆ ನಾನು ಕೆಲಸದ ಮೇಲೆ ವಾರದಲ್ಲಿ ಮೂರು ದಿನ ಊರಲ್ಲಿ ಇರುವುದಿಲ್ಲ. ಆಗ ಅಮ್ಮನನ್ನು ತೀರ್ಥಹಳ್ಳಿ ಹತ್ತಿರದ ಮನೆಯಿಂದ ಶಿವಮೊಗ್ಗಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ನನ್ನ ಹೆಂಡತಿ. ಅವಳು ಐದಡಿಯೂ ಇಲ್ಲ. ಅವಳು ಸ್ಟೀರಿಂಗ್ ಹಿಡಿದರೆ ಬೆಂಚು ಮತ್ತೆ ಅಪ್ಪನ ಕಾಲದ ಜಾಗಕ್ಕೇ ಬರುತ್ತದೆ.

ಅಮ್ಮನಿಗೆ ಎಡಮಂಡಿ ಆಪರೇಷನ್ ಆದಮೇಲೆ ಇದು ಸುಮ್ನೆ ಬಿಡುವ ವಿಷಯವಾಗಿ ಉಳಿಯಲಿಲ್ಲ. ಕಾಲನ್ನು ತುಂಬ ಹೊತ್ತು ಮಡಚಿ ಇಡಬೇಡಿ, ಆಗಾಗ ಚಾಚಿ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಚಾಚೋಕೆ ಜಾಗ ಎಲ್ಲಿದೆ? ಅರವತ್ತು ಕಿಲೋಮೀಟರ್ ಹೋಗಿ ಇಳಿಯುವಾಗ ಅಮ್ಮ ಬಾಗಿಲು ಹಿಡಿದುಕೊಂಡು ಒಂದು ನಿಮಿಷ ಹಾಗೇ ನಿಲ್ಲುತ್ತಿದ್ದಳು. ಹಿಂದಿನ ಸೀಟಲ್ಲಿ ಕೂತ್ಕೋ ಅಂದರೆ ಒಪ್ಪುತ್ತಿರಲಿಲ್ಲ. "ಹಿಂದೆ ಕೂತ್ರೆ ನಂಗೆ ರಸ್ತೆ ಕಾಣಲ್ಲ" ಅನ್ನುತ್ತಿದ್ದಳು. ನನಗೆ ಅದು ಸರಿಯಾದ ಕಾರಣ ಅನ್ನಿಸಿತು. ನಲವತ್ತು ವರ್ಷ ಮುಂದೆ ಕೂತು ರಸ್ತೆ ನೋಡಿದವಳು.

ಬೆಂಚು ಸೀಟು ಅನ್ನುವುದು ಆ ಕಾಲಕ್ಕೆ ತಪ್ಪೇನೂ ಅಲ್ಲ. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದರ ಗೇರ್ ಸ್ಟೀರಿಂಗ್ ಪಕ್ಕದಲ್ಲೇ ಇತ್ತು. ನಮ್ಮ ಕಡೆ ಅದನ್ನು ಹ್ಯಾಂಡ್ ಗೇರ್ ಅಂತಲೇ ಕರೆಯುವುದು. ನೆಲದಲ್ಲಿ ಗೇರ್ ಇಲ್ಲ ಅಂದಮೇಲೆ ಮಧ್ಯದ ಜಾಗ ಖಾಲಿ. ಅಲ್ಲಿ ಇನ್ನೊಬ್ಬರು ಕೂರಬಹುದು. ಮದುವೆ, ಮುಂಜಿ, ಆಸ್ಪತ್ರೆ, ಎಲ್ಲಕ್ಕೂ ಒಂದೇ ಗಾಡಿ ಇದ್ದ ಮನೆಗಳಿಗೆ ಆ ಮಧ್ಯದ ಜಾಗ ದೊಡ್ಡ ಉಪಕಾರ. ನಮ್ಮ ಮನೆಯಲ್ಲಿ ಅದು ನನ್ನ ಜಾಗ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ಗಾಗಿ ನೆಲ ಉಬ್ಬಿರುತ್ತದಲ್ಲ, ಆ ಉಬ್ಬಿನ ಎರಡು ಕಡೆ ಎರಡು ಕಾಲು ಇಟ್ಟುಕೊಂಡು ಕೂರುತ್ತಿದ್ದೆ.

ಆದರೆ ಘಾಟಿಯಲ್ಲಿ ಬೆಂಚಿನ ಗುಣ ಬೇರೆ. ನಮ್ಮ ಅತ್ತೆಯ ಮನೆ ಉಡುಪಿಯಲ್ಲಿ. ಹೋಗಬೇಕಾದರೆ ಆಗುಂಬೆ ಇಳಿಯಬೇಕು. ಹದಿನಾಲ್ಕು ತಿರುವು. ರೆಗ್ಜಿನ್ ಹೊದಿಸಿದ ಸಪಾಟು ಸೀಟು, ಹಿಡಿದಿಡಲು ಪಕ್ಕದಲ್ಲಿ ಏನೂ ಇಲ್ಲ. ಬಲಕ್ಕೆ ತಿರುಗಿದರೆ ನಾವಿಬ್ಬರೂ ಎಡಬಾಗಿಲಿಗೆ ಜಾರುತ್ತೇವೆ. ಎಡಕ್ಕೆ ತಿರುಗಿದರೆ ನಾನು ಹೋಗಿ ಅಪ್ಪನ ತೋಳಿಗೆ ತಾಗುತ್ತೇನೆ. ಗೇರ್ ಹಾಕುವಾಗ ಅಪ್ಪ "ಆಚೆ ಸರಿ" ಅಂತ ಮೊಣಕೈಯಲ್ಲಿ ತಳ್ಳುತ್ತಿದ್ದ. ಅಮ್ಮ ಒಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಅಂಗಿ ಹಿಡಿದಿರುತ್ತಿದ್ದಳು. ಸೋಮೇಶ್ವರ ಬರುವವರೆಗೂ ಆ ಎರಡು ಕೈಗೂ ಬಿಡುವಿಲ್ಲ. ಬೆಲ್ಟ್ ಅಂತೂ ಇರಲೇ ಇಲ್ಲ. ನಮ್ಮ ದೇಶದಲ್ಲಿ ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಹಾಕಿಯೇ ಮಾರಬೇಕು ಅಂತಾದದ್ದು 1994ರ ಮಾರ್ಚ್ 25ರಿಂದ. ನಮ್ಮ ಗಾಡಿ ಅದಕ್ಕಿಂತ ಹತ್ತು ವರ್ಷ ಹಳೆಯದು.

ಹಾಗಾಗಿ ಮುಂದೆ ಎರಡು ಬೇರೆ ಬೇರೆ ಸೀಟು ಹಾಕಿಸೋಣ ಅಂತ ನಿಶ್ಚಯ ಮಾಡಿದೆ. ಜೊತೆಗೆ ಬೆಲ್ಟ್. ಎರಡನೆಯದು ಇಲ್ಲದೆ ಮೊದಲನೆಯದು ಬೇಡ ಅಂತ ಹೆಂಡತಿ ಮೊದಲೇ ಹೇಳಿದ್ದಳು.

ಮೊದಲ ಸಲ ನಾನು ಮಾಡಿದ್ದು ತಪ್ಪು. ಒಂದು ಅಂಗಡಿಯಲ್ಲಿ ಒಂದು ಹೊಸ ಚಿಕ್ಕ ಕಾರಿನ ಜೋಡಿ ಸೀಟು ಇತ್ತು. ಬಟ್ಟೆ ಹೊಸದರ ಹಾಗಿತ್ತು, ಹೆಡ್‌ರೆಸ್ಟ್ ಇತ್ತು, ಒರಗುವ ಕೋನ ಬದಲಾಯಿಸಬಹುದಿತ್ತು. ಕೂತು ನೋಡಿದೆ, ಹಿತವಾಗಿತ್ತು. ತೆಗೆದುಕೊಂಡು ಬಂದೆ. ಅಂಗಡಿಯ ನೆಲದ ಮೇಲೆ ಇಟ್ಟ ಸೀಟಲ್ಲಿ ಕೂತರೆ ಸೀಟಿನ ಬಗ್ಗೆ ಮಾತ್ರ ಗೊತ್ತಾಗುತ್ತದೆ. ಸ್ಟೀರಿಂಗ್ ಎಲ್ಲಿ ಬರುತ್ತದೆ, ಪೆಡಲ್ ಎಷ್ಟು ದೂರ, ಗಾಜಿನ ಹೊರಗೆ ಏನು ಕಾಣುತ್ತದೆ, ಒಂದೂ ಗೊತ್ತಾಗುವುದಿಲ್ಲ.

ಆ ಸೀಟಿನ ಕಾಲುಗಳು ಸಮ ಇರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಸೀಟಿನ ಒಳಗಡೆಯ ಕಾಲು ನಡುವಿನ ಉಬ್ಬಿನ ಪಕ್ಕಕ್ಕೆ ಕೂರುತ್ತದೆ, ಹೊರಗಡೆಯ ಕಾಲು ಬಾಗಿಲ ಪಕ್ಕದ ಅಡ್ಡಪಟ್ಟಿಗೆ ಕೂರುತ್ತದೆ. ಎರಡರ ಎತ್ತರ ಬೇರೆ. ಆ ಕಾರಿನ ನೆಲಕ್ಕೆಂದೇ ಮಾಡಿದ ಕಾಲು ಅದು. ನಮ್ಮ ಗಾಡಿಯಲ್ಲಿ ಇಟ್ಟರೆ ಸೀಟು ಒಂದು ಕಡೆ ವಾಲಿತು. ಆಂಗಲ್ ಪಟ್ಟಿ ಕೊಟ್ಟು ಸಮ ಮಾಡಿದರೆ ಎರಡೂವರೆ ಇಂಚು ಮೇಲೆ ಬಂತು. ಅಂಬಾಸಿಡರ್ ಸ್ಟೀರಿಂಗ್ ದೊಡ್ಡದು, ಅದರ ಕೆಳಗಂಚು ತೊಡೆಗೆ ಒತ್ತುತ್ತಿತ್ತು. ಬ್ರೇಕಿಗೆ ಕಾಲು ಎತ್ತಿದರೆ ಮಂಡಿ ಸ್ಟೀರಿಂಗ್‌ಗೆ ಬಡಿಯುತ್ತಿತ್ತು. ಅದನ್ನು ಓಡಿಸಲು ಸಾಧ್ಯವೇ ಇರಲಿಲ್ಲ.

ಇನ್ನೊಂದು ವಿಷಯ ಆಟೋ ಕಾಂಪ್ಲೆಕ್ಸ್‌ನ ಎಲೆಕ್ಟ್ರಿಷಿಯನ್ ನೋಡಿ ಹೇಳಿದರು. ಸೀಟಿನ ಅಡಿಯಿಂದ ಹಳದಿ ಕನೆಕ್ಟರ್ ಇದ್ದ ಒಂದು ವೈರು ನೇತಾಡುತ್ತಿತ್ತು. "ಸಾರ್, ಹಳದಿ ಅಂದ್ರೆ ಏರ್‌ಬ್ಯಾಗ್. ಇದರ ಪಕ್ಕದಲ್ಲಿ ಬ್ಯಾಗ್ ಇದೆ. ಇದನ್ನ ಮುಟ್ಟಬೇಡಿ, ಬಿಚ್ಚಬೇಡಿ" ಅಂದರು. ಪಕ್ಕದ ಏರ್‌ಬ್ಯಾಗ್ ಸೀಟಿನ ಒಳಗೇ ಕೂರಿಸಿರುತ್ತಾರೆ. ಸಿಡಿಯುವ ಮದ್ದಿನ ಚಿಕ್ಕ ಡಬ್ಬಿ ಅದರಲ್ಲಿ ಇರುತ್ತದೆ. ಹಳೆಯ ಗಾಡಿಗೆ ಅಂಥ ಸೀಟು ಹಾಕಿದರೆ ಅದು ಅಪಘಾತದಲ್ಲಿ ಕೆಲಸಕ್ಕೆ ಬರುವುದಿಲ್ಲ, ಆದರೆ ರಿಪೇರಿ ಮಾಡುವವರ ಮುಖದ ಮುಂದೆ ಅಪಾಯವಾಗಿ ಉಳಿಯುತ್ತದೆ. ಹಳೆ ಗಾಡಿಗೆ ಸೀಟು ಹುಡುಕುವವರು ದಯವಿಟ್ಟು ಇದೊಂದನ್ನು ನೆನಪಿಡಿ. ಹಳದಿ ವೈರು ಕಂಡರೆ ಆ ಸೀಟು ಬೇಡ. ನಾನು ಆ ಜೋಡಿಯನ್ನು ವಾಪಸು ಕೊಟ್ಟೆ. ಸ್ವಲ್ಪ ದುಡ್ಡು ಹೋಯಿತು.

ಆಮೇಲೆ ಕುಶನ್ ಕೆಲಸದ ಮೇಸ್ತ್ರಿಯ ಹತ್ತಿರ ಹೋದೆ. ಬಹಳ ವರ್ಷದಿಂದ ಶಿವಮೊಗ್ಗದಲ್ಲಿ ಬಸ್ಸು, ಲಾರಿ, ಕಾರು, ಎಲ್ಲದರ ಸೀಟು ಕಟ್ಟಿದವರು. ಅವರು ಹೊಸ ಸೀಟಿನ ಮಾತೇ ಆಡಲಿಲ್ಲ. "ಮೊದಲು ಹಳೇದನ್ನ ಅಳೀರಿ ಸಾರ್" ಅಂದರು. ಅಳೆಯುವುದು ಹೇಗೆ ಅಂತ ಅವರೇ ತೋರಿಸಿದರು.

ಹೆಂಡತಿಯನ್ನು ಹಳೆಯ ಬೆಂಚಿನ ಮೇಲೆ ಕೂರಿಸಿದರು. ಪೆಡಲ್ ಮೇಲೆ ಕಾಲು ಇಡಲು ಹೇಳಿದರು. ನೆಲದಿಂದ ಅವಳ ಸೊಂಟದ ಕೀಲಿನವರೆಗೆ ಎಷ್ಟು, ಸೊಂಟದಿಂದ ಹಿಮ್ಮಡಿಗೆ ಎಷ್ಟು, ಹುಬ್ಬಿನಿಂದ ಮೇಲಿನ ಛಾವಣಿಗೆ ಎಷ್ಟು ಅಂತ ಟೇಪ್ ಹಿಡಿದು ಅಳೆದು ರಟ್ಟಿನ ಮೇಲೆ ಬರೆದುಕೊಂಡರು. ಆಮೇಲೆ ಸ್ಟೀರಿಂಗ್ ನಡುವಿನಿಂದ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ಅದು ನೆಲಕ್ಕೆ ತಾಗಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆ ಗುರುತಿನಿಂದ ಹಿಂದಕ್ಕೆ ನೇರ ಗೆರೆ ಎಳೆದರು. "ಸೀಟಿನ ನಡು ಈ ಗೆರೆ ಮೇಲೆ ಬರಬೇಕು. ಒಂದಿಂಚು ಆಚೀಚೆ ಆದ್ರೂ ಓಡಿಸುವವರು ದಿನವಿಡೀ ಸೊಂಟ ತಿರುಚಿ ಕೂರ್ತಾರೆ" ಅಂದರು. ಬೆಂಚಿನಲ್ಲಿ ಈ ತೊಂದರೆ ಇಲ್ಲ, ಎಲ್ಲಿ ಬೇಕೋ ಅಲ್ಲಿ ಸರಿದು ಕೂರಬಹುದು. ಬೇರೆ ಸೀಟು ಒಮ್ಮೆ ಕೂತ ಜಾಗದಲ್ಲೇ ಕೂರಿಸುತ್ತದೆ. ಅದಕ್ಕೇ ಅದರ ಜಾಗ ಸರಿ ಇರಬೇಕು.

ಅಮ್ಮನನ್ನೂ ಅಳೆದರು. ಅವಳಿಗೆ ಬೇರೆ ಅಳತೆ. ಗಾಡಿಯ ಹೊರಗೆ ನಿಲ್ಲಿಸಿ, ನೆಲದಿಂದ ಮಂಡಿಯ ಹಿಂಬದಿವರೆಗೆ ಎಷ್ಟು ಎತ್ತರ ನೋಡಿದರು. ಸೀಟಿನ ಅಂಚು ಅದಕ್ಕಿಂತ ತುಸು ಮೇಲಿದ್ದರೆ ಮಂಡಿ ನೋವಿನವರು ಸಲೀಸಾಗಿ ಕೂರಬಹುದು, ಏಳಬಹುದು. ಕೆಳಗಿದ್ದರೆ ಏಳುವಾಗ ಇಡೀ ಮೈ ಭಾರ ಮಂಡಿಯ ಮೇಲೆ ಬೀಳುತ್ತದೆ. ಸೀಟು ತೀರ ಮೆತ್ತಗಿದ್ದರೂ ಅದೇ ಕಥೆ. ಮೆತ್ತಗಿದ್ದರೆ ಆರಾಮ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಒಳಗೆ ಹೂತುಹೋದ ಮೇಲೆ ಏಳುವ ಕಷ್ಟ ಅಮ್ಮನಂಥವರಿಗೇ ಗೊತ್ತು. ಇನ್ನೊಂದು ಮಾತು, ರೇಸ್ ಕಾರಿನ ಹಾಗೆ ಎರಡು ಪಕ್ಕ ಎತ್ತರ ಉಬ್ಬಿರುವ ಸೀಟು ನೋಡಲು ಚೆನ್ನಾಗಿರುತ್ತದೆ. ವಯಸ್ಸಾದವರು ಇಳಿಯುವಾಗ ಆ ಉಬ್ಬನ್ನು ದಾಟಬೇಕು, ತೊಡೆಗೆ ಒತ್ತುತ್ತದೆ. ತಗ್ಗು ಉಬ್ಬು ಸಾಕು.

ಅಳತೆ ಆದಮೇಲೆ ಬೆಂಚು ಬಿಚ್ಚಿದರು. ರೆಗ್ಜಿನ್ ಕಿತ್ತು ತೆಗೆದಾಗ ಕೆಳಗೆ ಹತ್ತಿಯ ಹಾಸು, ಅದರ ಕೆಳಗೆ ತೆಂಗಿನ ನಾರು, ಅದರ ಕೆಳಗೆ ಗೋಣಿ ಬಟ್ಟೆ, ಕೊನೆಗೆ ಸ್ಪ್ರಿಂಗು. ನಾರು ಅಂದರೆ ಈಗ ಅಗ್ಗದ ಮಾಲು ಅಂತ ಕಾಣುತ್ತದೆ. ಒಂದು ಕಾಲದಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಸೀಟಿನ ಒಳಗೂ ತೆಂಗಿನ ನಾರೇ ಇತ್ತು. ಗಾಳಿ ಆಡುತ್ತದೆ, ಬಿಸಿ ಹಿಡಿಯುವುದಿಲ್ಲ, ಒದ್ದೆಯಾದರೂ ಬೇಗ ಆರುತ್ತದೆ. ನಮ್ಮ ತಿಪಟೂರು, ಅರಸೀಕೆರೆ ಕಡೆಯ ತೋಟಗಳನ್ನು ನೋಡಿದವರಿಗೆ ಆ ನಾರಿನ ವಾಸನೆ ಪರಿಚಯ ಇರುತ್ತದೆ. ನಲವತ್ತು ವರ್ಷ ಹಳೆಯ ನಾರಿನಲ್ಲೂ ಆ ವಾಸನೆ ಸ್ವಲ್ಪ ಉಳಿದಿತ್ತು.

ಬಲಗಡೆ, ಅಪ್ಪ ಕೂರುತ್ತಿದ್ದ ಜಾಗದಲ್ಲಿ, ಮಾತ್ರ ಬೇರೆ ಇತ್ತು. ಅಲ್ಲಿ ಗೋಣಿ ಬಟ್ಟೆ ಒಂದಲ್ಲ, ನಾಲ್ಕು ಮಡಿಕೆ. ಅಡಿಕೆ ಮೂಟೆಯ ಗೋಣಿ, ಅಡಿಕೆ ಮಂಡಿಯ ಮುದ್ರೆ ಇನ್ನೂ ಕಾಣುತ್ತಿತ್ತು. ಅದರ ಕೆಳಗೆ ಸೈಕಲ್ ಟ್ಯೂಬ್ ಸೀಳಿ ಅಡ್ಡಡ್ಡ ಬಿಗಿದು ಸ್ಪ್ರಿಂಗಿಗೆ ಕಟ್ಟಿದ್ದರು. ಮೇಸ್ತ್ರಿ ಕೈಯಲ್ಲಿ ಒತ್ತಿ ನೋಡಿ, "ಇದು ಕಂಪನಿದಲ್ಲ. ಯಾರೋ ಗೊತ್ತಿದ್ದವರು ಕೂತು ಮಾಡಿದ್ದಾರೆ" ಅಂದರು. ಅಪ್ಪನೇ ಮಾಡಿಕೊಂಡಿದ್ದ. ಬಾನೆಟ್ ಆಚೆ ರಸ್ತೆ ಕಾಣಬೇಕು ಅಂತ ಎರಡಿಂಚು ಎತ್ತರಿಸಿಕೊಂಡಿದ್ದ. ಸೀಟು ಮೇಲಿನಿಂದ ನೋಡಿದರೆ ಒಂದೇ ಸಮ ಕಾಣುತ್ತಿತ್ತು. ಒಳಗೆ ಅಪ್ಪನ ಕಡೆಗೆ ಒಂದು ಅಳತೆ, ಅಮ್ಮನ ಕಡೆಗೆ ಇನ್ನೊಂದು. ಎತ್ತರದಲ್ಲಿ ಎರಡು ಅಳತೆ ಮಾಡಲು ಅಪ್ಪನಿಗೆ ಆಗಿತ್ತು. ಉದ್ದದಲ್ಲಿ ಬೆಂಚು ಬಿಡಲಿಲ್ಲ. ಆ ಗೋಣಿಯನ್ನು ಹಿಡಿದುಕೊಂಡು ನಾನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಆಗಲೇ ಡ್ಯಾಶ್‌ಬೋರ್ಡಿನ ಕೆಳಗಿನ ಆ ಸವೆದ ಗುರುತು ಕಂಡಿದ್ದು.

ಸರಿಯಾದ ಸೀಟು ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ. ಬೇರೆ ಕಾರಿನದಲ್ಲ, ಅಂಬಾಸಿಡರ್‌ನದೇ. 90ರ ದಶಕದಲ್ಲಿ ಇಸುಜು ಎಂಜಿನ್ ಹಾಕಿ 1800 ಐಎಸ್‌ಜಡ್ ಅಂತ ಒಂದು ಮಾದರಿ ಬಂತಲ್ಲ, ಅದರಲ್ಲಿ ಗೇರ್ ನೆಲಕ್ಕೆ ಇಳಿಯಿತು, ಮುಂದೆ ಒಬ್ಬೊಬ್ಬರಿಗೆ ಬೇರೆ ಬೇರೆಯಾದ ಬಕೆಟ್ ಸೀಟು ಬಂತು. ಅಂಥ ಗಾಡಿಯ ಜೋಡಿ ಸೀಟು ಒಂದು ಮೂಲೆಯಲ್ಲಿ ಬಿದ್ದಿತ್ತು. ಬಟ್ಟೆ ಹರಿದಿತ್ತು. ಫ್ರೇಮ್ ನೇರ ಇತ್ತು. ನಾನು ನೋಡಿದ್ದು ಫ್ರೇಮ್ ಮಾತ್ರ. ವೆಲ್ಡಿಂಗ್ ಬಿರುಕು ಇದೆಯಾ, ಹಳಿ ಸಲೀಸಾಗಿ ಜಾರುತ್ತದಾ, ಲಾಕ್ ಎರಡೂ ಕಡೆ ಕಚ್ಚುತ್ತದಾ, ಒರಗು ಅಲುಗಾಡುತ್ತದಾ. ಬಟ್ಟೆ, ಸ್ಪಂಜು ಎಲ್ಲ ಹೊಸದು ಹಾಕಬಹುದು. ಲಾಕ್ ಒಂದೇ ಕಡೆ ಕಚ್ಚುವ ಸೀಟು ಬ್ರೇಕ್ ಹಾಕಿದಾಗ ಓರೆಯಾಗಿ ಮುಂದೆ ಹೋಗುತ್ತದೆ. ಹಳೆ ಸೀಟು ಕೊಳ್ಳುವಾಗ ಕೂತು ನೋಡುವುದಕ್ಕಿಂತ ಮಗುಚಿ ನೋಡಬೇಕು ಅಂತ ಆವತ್ತು ಕಲಿತೆ.

ಅದೇ ಕಂಪನಿಯ ಸೀಟಾದರೂ ನಮ್ಮ ಗಾಡಿಯ ತೂತಿಗೆ ನೇರ ಕೂರಲಿಲ್ಲ. ಇಲ್ಲಿಂದ ಕೆಲಸ ತಗಡು ಕತ್ತರಿಸಿ ಬೆಸೆಯುವ ಟಿಂಕರ್‌ನವರದು. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಎಲ್ಲ ಭಾರ ಹೊರುತ್ತದೆ. ಹಾಗಾಗಿ ನೆಲ ಅಂದರೆ ಅದು ಬರೀ ತಗಡು. ಆ ತಗಡಿಗೆ ತೂತು ಕೊರೆದು ಬೋಲ್ಟು, ವಾಷರ್ ಹಾಕಿ ಬಿಗಿದರೆ ನಿಂತಿರುವ ಗಾಡಿಯಲ್ಲಿ ಗಟ್ಟಿಯಾಗೇ ಇರುತ್ತದೆ. ಅಪಘಾತದಲ್ಲಿ ಆ ವಾಷರ್ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ಸೀಟು, ಸೀಟಿನಲ್ಲಿ ಕೂತವರು, ಇಬ್ಬರೂ ಮುಂದೆ ಹೋಗುತ್ತಾರೆ. ಮೋಟಾರ್ ರೇಸ್ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಇದಕ್ಕೆ ಒಂದು ಅಳತೆ ಇಟ್ಟಿದೆ. ಒಂದು ಸೀಟಿಗೆ ಕನಿಷ್ಠ ನಾಲ್ಕು ಕಡೆ 8 ಮಿ.ಮೀ. ಬೋಲ್ಟು. ಪ್ರತಿ ಬೋಲ್ಟಿನ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ, 40 ಚದರ ಸೆಂ.ಮೀ. ಅಗಲದ ಉಕ್ಕಿನ ತಗಡು. ನಮ್ಮದು ರೇಸ್ ಗಾಡಿ ಅಲ್ಲ. ಆದರೆ ಮನೆಯವರನ್ನು ಕೂರಿಸುವ ಗಾಡಿಗೆ ಅದಕ್ಕಿಂತ ಕಡಿಮೆ ಯಾಕೆ ಅಂತ ನಾನು ಅದನ್ನೇ ಹಿಡಿದುಕೊಂಡೆ.

ಅದಕ್ಕೂ ಮುಂಚೆ ನೆಲ ನೋಡಬೇಕಿತ್ತು. ಮಲೆನಾಡಿನ ಮಳೆ ಗೊತ್ತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ, ನಮ್ಮ ಕಡೆ ಅಷ್ಟಿಲ್ಲದಿದ್ದರೂ ಮಳೆಗೆ ಬರವಿಲ್ಲ. ಒದ್ದೆ ಚಪ್ಪಲಿಯ ನೀರು ಮ್ಯಾಟಿನ ಕೆಳಗೆ ನಿಂತು ನಿಂತು ಎಡಗಡೆಯ ನೆಲದಲ್ಲಿ ಅಂಗೈ ಅಗಲ ತುಕ್ಕು ಹಿಡಿದಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಯಿತು. ಅಮ್ಮ ಕಾಲಿಡುವ ಜಾಗ. ಅದನ್ನು ಕತ್ತರಿಸಿ ಹೊಸ ತಗಡು ಹಾಕಿ, ರೆಡ್ ಆಕ್ಸೈಡ್ ಬಳಿದು, ಆಮೇಲೆ ಸೀಟಿನ ಮಾತು. ಈ ಕೆಲಸಕ್ಕೆ ನಾಲ್ಕು ದಿನ ಹೋಯಿತು. ಸೀಟು ಬದಲಾಯಿಸಲು ಹೊರಟವರು ಬಜೆಟ್‌ನಲ್ಲಿ ನೆಲಕ್ಕೂ ಸ್ವಲ್ಪ ಎತ್ತಿಡಿ.

ಬೆಲ್ಟಿನ ವಿಷಯಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆ. ಮೂರು ಕಡೆ ಬಿಗಿಯುವ ಬೆಲ್ಟನ್ನು ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ್ದು 1959ರಲ್ಲಿ. ಈಗಲೂ ಎಲ್ಲ ಕಾರಿನಲ್ಲಿ ಇರುವುದು ಅದೇ ಉಪಾಯ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಸೊಂಟದ ಮೂಳೆಯ ಮೇಲೆ ಬರಬೇಕು. ಮೇಲಿನ ಕೊಂಡಿ ಭುಜದ ಮಟ್ಟಕ್ಕೆ ಅಥವಾ ತುಸು ಮೇಲೆ ಇರಬೇಕು. ಭುಜಕ್ಕಿಂತ ಕೆಳಗಿದ್ದರೆ ಡಿಕ್ಕಿಯಾದಾಗ ಬೆಲ್ಟ್ ಭುಜವನ್ನು ಕೆಳಕ್ಕೆ ಒತ್ತುತ್ತದೆ, ಬೆನ್ನೆಲುಬಿಗೆ ಪೆಟ್ಟು. ನಮ್ಮ ಗಾಡಿಯ ಮುಂದಿನ, ಹಿಂದಿನ ಬಾಗಿಲುಗಳ ನಡುವಿನ ಕಂಬದಲ್ಲಿ ಇದಕ್ಕೆಂದು ಏನೂ ಇರಲಿಲ್ಲ. ಕಂಬದ ಒಳಗೆ ದಪ್ಪ ತಗಡು ಬೆಸೆದು, ಅದಕ್ಕೆ ನಟ್ಟು ಕೂರಿಸಿ, ಬೆಲ್ಟಿಗೆಂದೇ ಬರುವ 7/16 ಇಂಚಿನ ಬೋಲ್ಟು ಹಾಕಿದೆವು. ಪೇಟೆಯ ಸಾಮಾನ್ಯ ಬೋಲ್ಟ್ ಅಲ್ಲ. ತಲೆಯ ಮೇಲೆ ಗಟ್ಟಿತನದ ಗುರುತು ಕನಿಷ್ಠ 8.8 ಅಂತ ಕೆತ್ತಿರುವುದನ್ನು ನೋಡಿಯೇ ತೆಗೆದುಕೊಳ್ಳಬೇಕು. ಬೆಲ್ಟ್ ಮಾತ್ರ ಹೊಸದು. ಹಳೆ ಗಾಡಿಯಿಂದ ಬಿಚ್ಚಿದ ಬೆಲ್ಟ್ ಒಮ್ಮೆ ಡಿಕ್ಕಿಯ ಎಳೆತ ತಿಂದಿದ್ದರೆ ಹೊರಗೆ ಕಾಣುವುದಿಲ್ಲ.

ಆರ್‌ಟಿಓ ಕಚೇರಿಗೂ ಮೊದಲೇ ಹೋಗಿ ಬಂದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ನಮ್ಮ ಆರ್‌ಸಿಯಲ್ಲಿ ಇರುವುದು ಐದು ಸೀಟು. ಮುಂದೆ ಎರಡು, ಹಿಂದೆ ಮೂರು, ಲೆಕ್ಕ ಅಷ್ಟೇ ಉಳಿಯಿತು. ಐದು ವರ್ಷಕ್ಕೊಮ್ಮೆ ರಿನ್ಯೂವಲ್‌ಗೆ ಗಾಡಿ ತೋರಿಸಲೇಬೇಕಲ್ಲ, ಆಗ ಕೇಳಿಸಿಕೊಳ್ಳುವುದಕ್ಕಿಂತ ಈಗಲೇ ಕೇಳುವುದು ವಾಸಿ.

ಇಷ್ಟೆಲ್ಲ ಆದಮೇಲೆ ಸೀಟುಗಳು ಮೇಸ್ತ್ರಿಯ ಕೈಗೆ ವಾಪಸು ಬಂದವು. ಕೂರುವ ಭಾಗಕ್ಕೆ 40 ಡೆನ್ಸಿಟಿ ಫೋಮ್, ಬೆನ್ನಿಗೆ 32. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ. ಅದು ಜಾಸ್ತಿ ಇದ್ದಷ್ಟೂ ಫೋಮ್ ಬೇಗ ಕುಸಿಯುವುದಿಲ್ಲ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿದರೆ ಇದು ಗೊತ್ತಾಗುವುದಿಲ್ಲ, ತೂಕ ಹಾಕಿ ನೋಡಬೇಕು. ಕೆಳಗೆ ಒಂದು ಪದರ ನಾರು ಇರಲಿ ಅಂತ ನಾನು ಕೇಳಿದೆ. ಮೇಸ್ತ್ರಿಗೆ ಖುಷಿಯಾಯಿತು. "ಈಗ ಯಾರೂ ಕೇಳಲ್ಲ ಸಾರ್" ಅಂದರು. ಹಳೆಯ ಬೆಂಚಿನ ನಾರನ್ನೇ ಬಿಸಿಲಿಗೆ ಹಾಕಿ, ಬಡಿದು, ಬಿಡಿಸಿ, ಎರಡು ಸೀಟಿಗೂ ಹಂಚಿದರು.

ಬೆನ್ನಿನ ಭಾಗಕ್ಕೆ ಅವರು ತಗೊಂಡ ಕಾಳಜಿ ನೋಡಬೇಕಿತ್ತು. 60ರ ದಶಕದಲ್ಲಿ ಸ್ವೀಡನ್ನಿನ ಡಾಕ್ಟರ್ ಆಲ್ಫ್ ನಾಕೆಮ್ಸನ್ ಬೆನ್ನೆಲುಬಿನ ಡಿಸ್ಕಿನೊಳಗೆ ಸೂಜಿ ಇಟ್ಟು ಒತ್ತಡ ಅಳೆದಿದ್ದರು. ನಿಂತಾಗ ಇದ್ದದ್ದಕ್ಕಿಂತ ಆಧಾರ ಇಲ್ಲದೆ ಕೂತಾಗ ಒತ್ತಡ ಜಾಸ್ತಿ, ಹಿಂದಕ್ಕೆ ಒರಗಿದರೆ ಕಡಿಮೆ ಅಂತ ಅವರಿಗೆ ಕಂಡಿತ್ತು. ಮೇಸ್ತ್ರಿಗೆ ಆ ಹೆಸರು ಗೊತ್ತಿಲ್ಲ. ಆದರೆ ಹೆಂಡತಿಯನ್ನು ಸೀಟಲ್ಲಿ ಕೂರಿಸಿ, ಸೊಂಟದ ಹಿಂದೆ ಕೈ ತೂರಿಸಲು ಹೇಳಿ, ಕೈ ಸಲೀಸಾಗಿ ಹೋದರೆ ಇನ್ನೊಂದು ಪದರ ಫೋಮ್ ಇಟ್ಟರು. ಮೂರು ಸಲ ಬಿಚ್ಚಿ ಮೂರು ಸಲ ಹೊಲಿದರು. ಅಂಗಡಿಯಿಂದ ತಂದ ಸೀಟಿಗೆ ಇದೆಲ್ಲ ಎಲ್ಲಿ ಸಿಗುತ್ತದೆ?

ಬಟ್ಟೆ ಹಾಕಿಸೋಣ ಅಂದುಕೊಂಡಿದ್ದೆ. ಅಮ್ಮ ಬೇಡ ಅಂದಳು. ಜುಲೈ ತಿಂಗಳಲ್ಲಿ ಒಂದು ವಾರ ಗಾಡಿ ತೆಗೆಯದಿದ್ದರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ರೆಗ್ಜಿನ್ ಆದರೆ ಒರೆಸಿದರೆ ಹೋಯಿತು. ಅವಳ ಮಾತೇ ಸರಿ. ಅದೇ ಕಂದು ಬಣ್ಣ, ಹಿಂದಿನ ಸೀಟಿನಲ್ಲಿರುವ ಹಾಗೆ ಉದ್ದುದ್ದ ಗೆರೆ ಹೊಲಿಗೆ. ಕೂರುವ ಜಾಗಕ್ಕೆ ಮಾತ್ರ ಸಣ್ಣ ತೂತಿನ ರೆಗ್ಜಿನ್, ಬೇಸಿಗೆಯಲ್ಲಿ ಬೆವರು ಅಂಟದ ಹಾಗೆ. ಹೊರಗಿನಿಂದ ನೋಡಿದರೆ ಗಾಡಿಯಲ್ಲಿ ಏನು ಬದಲಾಗಿದೆ ಅಂತ ತಕ್ಷಣ ಗೊತ್ತಾಗುವುದಿಲ್ಲ. ನನಗೆ ಬೇಕಾಗಿದ್ದೂ ಅದೇ.

ಬದಲಾಗಿದ್ದು ನಡುವಿನ ಜಾಗ. ಎರಡು ಸೀಟಿನ ಮಧ್ಯೆ ಈಗ ಒಂದು ಗೇಣು ಖಾಲಿ. ನಾನು ಚಿಕ್ಕವನಾಗಿದ್ದಾಗ ಕೂರುತ್ತಿದ್ದ ಜಾಗ ಅದು, ಆಮೇಲೆ ನನ್ನ ಮಗಳು ಕೂತಳು. ಅವಳು ಹಾಸ್ಟೆಲಿನಿಂದ ಬಂದವಳೇ ಬಾಗಿಲು ತೆಗೆದು ನೋಡಿ, "ನಡುವಿನ ಸೀಟು ಎಲ್ಲಿ ಹೋಯ್ತು?" ಅಂದಳು. ಬೆಲ್ಟ್ ಇಲ್ಲದ ಮಗುವನ್ನು ಡ್ಯಾಶ್‌ಬೋರ್ಡಿನ ಎದುರು ಕೂರಿಸುವುದು ಎಷ್ಟು ಅಪಾಯ ಅಂತ ನನಗೆ ಈಗ ಗೊತ್ತು. ಗೊತ್ತಿದ್ದರೂ ಆ ಖಾಲಿ ಜಾಗ ನೋಡಿ ಮನಸ್ಸಿಗೆ ಕಷ್ಟವಾಯಿತು. ಎರಡೂ ನಿಜ. ಈಗ ಅಲ್ಲಿ ಅಮ್ಮನ ಔಷಧಿಯ ಚೀಲ, ನೀರಿನ ಬಾಟಲಿ ಇರುತ್ತದೆ. ಬೆಂಚಿನ ಫ್ರೇಮನ್ನು ಎಣ್ಣೆ ಬಳಿದು, ಪ್ಲಾಸ್ಟಿಕ್ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟಿದ್ದೇನೆ. ನೆಲದಲ್ಲಿದ್ದ ಅದರ ಹಳೆಯ ತೂತುಗಳನ್ನು ಮುಚ್ಚಿಸಲಿಲ್ಲ. ಮುಂದೆ ಯಾರಿಗಾದರೂ ವಾಪಸು ಹಾಕಬೇಕು ಅನ್ನಿಸಿದರೆ ಬೋಲ್ಟು ಬಿಗಿದರೆ ಸಾಕು. ಅಪ್ಪನ ಗೋಣಿಯ ನಾಲ್ಕು ಮಡಿಕೆಯಲ್ಲಿ ಎರಡನ್ನು ಈಗ ಹೆಂಡತಿಯ ಸೀಟಿನ ಒಳಗೆ, ನಾರಿನ ಕೆಳಗೆ ಹಾಕಿಸಿದೆ. ಅವಳಿಗೂ ಬಾನೆಟ್ ಆಚೆ ರಸ್ತೆ ಕಾಣಬೇಕಿತ್ತು.

ಮೊದಲ ದಿನ ಅಮ್ಮನಿಗೆ ಸೀಟಿನ ಅಡಿಯ ಹಿಡಿ ತೋರಿಸಿದೆ. ಅದನ್ನು ಎತ್ತಿ ಹಿಡಿದು ಕಾಲಲ್ಲಿ ಒತ್ತಿದರೆ ಸೀಟು ಹಿಂದೆ ಹೋಗುತ್ತದೆ ಅಂದೆ. ಅವಳು ಮೊದಲು ಪಕ್ಕಕ್ಕೆ ತಿರುಗಿ ಹೆಂಡತಿಯ ಸೀಟು ನೋಡಿದಳು. "ಅವಳದ್ದೂ ಹಿಂದೆ ಹೋಗಲ್ವಾ?" ಅಂತ ಕೇಳಿದಳು. ಇಲ್ಲಮ್ಮ, ಇದು ನಿಂದು ಮಾತ್ರ ಅಂದೆ. ಹಿಡಿ ಎತ್ತಿದಳು. ಸೀಟು ಒಂದು ಕಚ್ಚು ಹಿಂದೆ ಸರಿದು ಟಕ್ ಅಂತ ನಿಂತಿತು. ಮತ್ತೆ ಎತ್ತಿದಳು, ಇನ್ನೊಂದು ಕಚ್ಚು. ಎಡಗಾಲನ್ನು ನಿಧಾನ ಮುಂದೆ ಚಾಚಿದಳು. ಮಂಡಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಒಂದು ಮೊಳ ಜಾಗ ಇತ್ತು.

ಹೋದ ತಿಂಗಳು ಅತ್ತೆಯ ಮೊಮ್ಮಗನ ಗೃಹಪ್ರವೇಶಕ್ಕೆ ಉಡುಪಿಗೆ ಹೊರಟೆವು. ಹೆಂಡತಿ ಓಡಿಸಿದಳು, ನಾನು ಹಿಂದೆ ಕೂತೆ. ಹಿಂದೆ ಕೂತರೆ ರಸ್ತೆ ಕಾಣುವುದಿಲ್ಲ ಅನ್ನುವುದು ನಿಜ, ಆದರೆ ಮುಂದೆ ಕೂತವರು ಚೆನ್ನಾಗಿ ಕಾಣುತ್ತಾರೆ. ಆಗುಂಬೆ ಚೆಕ್‌ಪೋಸ್ಟ್ ದಾಟಿದ ಕೂಡಲೇ ಅಮ್ಮನ ಎಡಗೈ ತಾನಾಗೇ ಬಾಗಿಲ ಹಿಡಿಗೆ ಹೋಯಿತು. ಬಲಗೈ ಮಧ್ಯದ ಖಾಲಿ ಜಾಗಕ್ಕೆ ಬಂದು, ಅಲ್ಲಿ ಯಾರೂ ಇಲ್ಲದೆ, ಔಷಧಿ ಚೀಲದ ಹಿಡಿಯನ್ನು ಹಿಡಿದುಕೊಂಡಿತು. ಮೊದಲ ತಿರುವು, ಎರಡನೆಯದು, ಮೂರನೆಯದು. ಮೈ ಜಾರಲಿಲ್ಲ. ನಾಲ್ಕೋ ಐದೋ ತಿರುವು ಆದಮೇಲೆ ಬಲಗೈ ಚೀಲ ಬಿಟ್ಟು ಮಡಿಲಿಗೆ ಬಂತು. ಎಡಗೈ ಬಾಗಿಲ ಹಿಡಿಯಲ್ಲೇ ಇತ್ತು.

ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಮ್ಮ ಬಾಗಿಲು ತೆಗೆದು, ಪಕ್ಕಕ್ಕೆ ತಿರುಗಿ, ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಇಟ್ಟು ಎದ್ದಳು. ಬಾಗಿಲು ಹಿಡಿದು ನಿಲ್ಲಲಿಲ್ಲ. ಸೀಟಿನ ಕಡೆ ಒಮ್ಮೆ ನೋಡಿ ನನಗೆ ಹೇಳಿದಳು: "ಬರುವಾಗ ಇದನ್ನ ಇನ್ನೊಂದು ಕಚ್ಚು ಹಿಂದೆ ಹಾಕು. ನಂಗೆ ಕೈಯಲ್ಲಿ ಬಲ ಸಾಲಲ್ಲ."